ಮೂರು ಎಣಿಸಿ ಹೊರಡುವ ಗಾಡಿ

ಮಾಟುಂಗ, ಮುಂಬಯಿ
ಶುಕ್ರವಾರ, 6-2-1976

ಪ್ರೀತಿಯ ಅಪ್ಪಾ,

ನಿಮ್ಮ ಬಲ ಮೊಣಕಾಲು ಹೇಗಿದೆ? ಕಟಪಾಡಿಯ ವೈದ್ಯರು ಕೊಟ್ಟ ತೈಲವನ್ನು ದಿನವೂ ಹಚ್ಚಿಸಿಕೊಳ್ಳುತ್ತಿದ್ದೀರೋ, ಇಲ್ಲ ಅಮ್ಮನ ಕಣ್ಣು ತಪ್ಪಿಸಿ ಓಡುತ್ತಿದ್ದೀರೋ? ಹದಿನೇಳು ವರ್ಷ ಬ್ರೇಕು, ಆಕ್ಸಿಲರೇಟರು ಎರಡನ್ನೂ ಆ ಒಂದು ಕಾಲೇ ಒತ್ತಿತು, ಎಡಗಾಲು ಮಾತ್ರ ಸಾಹುಕಾರನ ಹಾಗೆ ಕೂತು ತಿಂದಿತು ಎಂದು ನೀವು ಹೇಳುತ್ತಿದ್ದುದು ನೆನಪಾಗುತ್ತದೆ. ಅಮ್ಮನ ಕೆಮ್ಮು ನಿಂತಿತೇ? ಇಲ್ಲಿ ನಾವಿಬ್ಬರೂ ಆರೋಗ್ಯವಾಗಿದ್ದೇವೆ. ಕಾನ್ವೆಂಟಿನ ಹುಡುಗಿಗೆ ಇಷ್ಟುದ್ದ ಕನ್ನಡ ಬರೆಯಲು ಬಂತೇ ಎಂದು ನೀವು ಹುಬ್ಬೇರಿಸುವುದು ಇಲ್ಲಿಂದಲೇ ಕಾಣುತ್ತಿದೆ. ಭಾನುವಾರ ಭಾನುವಾರ ನನ್ನನ್ನು ಲೋಕಲ್ ಹತ್ತಿಸಿ ಮಾಟುಂಗದ ಕನ್ನಡ ತರಗತಿಗೆ ಎಳೆದುಕೊಂಡು ಬರುತ್ತಿದ್ದವರು ಯಾರು, ಹೇಳಿ!

ಮದುವೆಯಾಗಿ ಇವತ್ತಿಗೆ ಎಂಬತ್ತೊಂದು ದಿನ. ಎಣಿಸುತ್ತಾ ಕೂತಿದ್ದಾಳೆ ಎಂದು ಅಮ್ಮ ನಗಲಿ, ನನಗೇನು. ನಮ್ಮ ಖೋಲಿ ಎಷ್ಟು ಚಿಕ್ಕದೆಂದರೆ ಒಬ್ಬರು ಸೀರೆ ಮಡಚಬೇಕಾದರೆ ಇನ್ನೊಬ್ಬರು ಗ್ಯಾಲರಿಗೆ ಹೋಗಿ ನಿಲ್ಲಬೇಕು. ಆದರೂ ಅಪ್ಪಾ, ನನಗೆ ಅದು ಅರಮನೆ. ನನ್ನ ಪುಸ್ತಕಗಳಿಗೆಂದು ಶೇಖರ ಹಣ್ಣಿನ ಪೆಟ್ಟಿಗೆ ಒಡೆದು ಹಲಗೆ ಹೊಡೆದುಕೊಟ್ಟರು. (ಗಂಡನ ಹೆಸರು ಹಿಡಿದು ಬರೆದಳೆಂದು ಅಮ್ಮ ಬೈಯುವುದು ಬೇಡ, ಇನ್ನು ಮುಂದೆ ‘ಇವರು’ ಎಂದೇ ಬರೆಯುತ್ತೇನೆ.) ಬೆಳಿಗ್ಗೆ ಇವರೇ ಮೊದಲು ಎದ್ದು ಚಹಾ ಮಾಡುತ್ತಿದ್ದರು. ನೆರೆಯ ಗುರುಬಾಯಿ ಅದನ್ನು ನೋಡಿ, “ಏ ಪೋರಿ, ಗಂಡನ್ನ ಹಿಂಗ ಕೆಡಸಬ್ಯಾಡ, ನಮ್ಮ ಮನ್ಯಾವರೂ ಕೇಳಾಕ ಹತ್ಯಾರ” ಎಂದು ರೇಗಿಸುತ್ತಿದ್ದಳು. ಮಾಡುತ್ತಿದ್ದರು, ರೇಗಿಸುತ್ತಿದ್ದಳು ಎಂದು ಬರೆಯುತ್ತಿದ್ದೇನೆ, ನೋಡಿದಿರಾ? ಎರಡು ವಾರದಿಂದ ಆ ಚಹಾ ಇಲ್ಲ, ಗುರುಬಾಯಿಯ ತಮಾಷೆಯೂ ಇಲ್ಲ. ಹೇಗೆ ಹೇಳಲಿ ಎಂದು ಸುತ್ತಿಬಳಸುತ್ತಿದ್ದೇನೆ. ಹೇಳಿಬಿಡುತ್ತೇನೆ. ನಿಮ್ಮ ನೀಲಿ ಗಾಡಿ ಹೋಯಿತು, ಅಪ್ಪಾ.

ನೀವು ಡ್ರೈವರಾಗಿ ದುಡಿದ ಬಾಂದ್ರಾದ ಬಾಯಿ ಊರು ಬಿಡುವಾಗ ನಿಮ್ಮ ಕೈಗಿಟ್ಟು ಹೋದ ಗಾಡಿ, ಅದನ್ನು ನೀವು ಮದುವೆಯ ದಿನ ವೀಳ್ಯದೆಲೆಯ ಮೇಲೆ ಕೀಲಿ ಇಟ್ಟು ಇವರಿಗೆ ಕೊಟ್ಟಿರಿ. ಅವತ್ತು ಇವರು ನಿಮ್ಮ ಕಾಲು ಮುಟ್ಟಿದ್ದನ್ನು ನಾನು ಸಾಯುವವರೆಗೆ ಮರೆಯುವುದಿಲ್ಲ. ಆ ಗಾಡಿಯನ್ನು ನಂಬಿಯೇ ಇವರು ಪರೇಲಿನ ಟ್ಯಾಕ್ಸಿ ಕೆಲಸ ಬಿಟ್ಟರು. ಅಷ್ಟುದ್ದದ ಅಮೆರಿಕದ ಗಾಡಿ ಮದುವೆಯವರಿಗೆ ಎಲ್ಲಿ ಸಿಗಬೇಕು! ಡಿಸೆಂಬರಿನಲ್ಲಿ ಒಂಬತ್ತು ಮದುಮಗಳಂದಿರನ್ನು ಕರೆದೊಯ್ದರು. ನಾನೂ ಎರಡು ಸಲ ಮುಂದಿನ ಸೀಟಿನಲ್ಲಿ ಕೂತು ಹೋಗಿ ಪುಕ್ಕಟೆ ಐಸ್‌ಕ್ರೀಮ್ ತಿಂದು ಬಂದೆ. ಮೈಲಿಯ ಮೀಟರು ಒಂದು ಸುತ್ತು ಮುಗಿಸಿ, ಸೊನ್ನೆಯಿಂದ ಮತ್ತೆ ಅರವತ್ತೆರಡು ಸಾವಿರ ಓಡಿದ ಗಾಡಿ ಎಂದು ಯಾರೂ ನಂಬುತ್ತಿರಲಿಲ್ಲ. ಬೆಳಿಗ್ಗೆ ಗೇರಿನ ಕಡ್ಡಿ ಎಳೆದ ಮೇಲೆ ನೀವು ‘ಒಂಜಿ, ರಡ್ಡ್, ಮೂಜಿ’ ಎಂದು ತುಳುವಿನಲ್ಲಿ ಮೂರು ಎಣಿಸಿ, ಆಮೇಲೆ ಕಾಲೊತ್ತುತ್ತಿದ್ದಿರಲ್ಲ, ದೊಡ್ಡವರನ್ನು ಎಬ್ಬಿಸುವಾಗ ಅವಸರ ಮಾಡಬಾರದು ಎಂದು ನನಗೆ ಹೇಳಿದ್ದಿರಲ್ಲ, ಇವರೂ ಹಾಗೆಯೇ ಎಣಿಸುತ್ತಿದ್ದರು. ನಿಮ್ಮ ಹಾಗೆಯೇ ಎಲ್ಲಿ ನಿಲ್ಲಿಸಿದರೂ ಮೂತಿ ಹೊರಗೆ ಬರುವಂತೆ, ಸಾಧ್ಯವಾದರೆ ಇಳಿಜಾರಿನಲ್ಲಿ ನಿಲ್ಲಿಸುತ್ತಿದ್ದರು. ಅಚ್ಚುಕಟ್ಟೆಂದರೆ ಮಾವನದು ಎಂದು ಹೇಳುತ್ತಿದ್ದರು.

ಜನವರಿ ಇಪ್ಪತ್ತೈದರ ಭಾನುವಾರ ಬಾಂದ್ರಾದಿಂದ ಮದುಮಗಳನ್ನು ಮಾಟುಂಗದ ಮದುವೆ ಹಾಲಿಗೆ ತರಬೇಕಿತ್ತು. ದಾದರಿನ ಸೇತುವೆ ಹತ್ತುವಾಗ ಇಂಜಿನ್ ಒಂದೇ ಸಮನೆ ಅರಚಿಕೊಂಡಿತಂತೆ, ಗಾಡಿ ಮಾತ್ರ ಮುಂದೆ ಹೋಗಲೊಲ್ಲದು. ಎಷ್ಟು ಒತ್ತಿದರೂ ಬರೀ ಕೂಗು. ಆಮೇಲೆ ನಿಧಾನಕ್ಕೆ ಹಿಂದಕ್ಕೆ ಜಾರತೊಡಗಿತು. ಹಿಂದಿದ್ದ ಬಸ್ಸಿನವನು ಇಳಿದು ಬಂದು, “ಯೇ ಗಾಡಿ ಹೈ ಕಿ ಬೈಲಗಾಡಿ?” ಎಂದು ಎತ್ತಿನ ಗಾಡಿಗೆ ಹೋಲಿಸಿದನಂತೆ. ಹುಡುಗಿಯ ಸೋದರಮಾವ ಮಾಲೆಗಳನ್ನೆಲ್ಲ ಕಿತ್ತು ಟ್ಯಾಕ್ಸಿಗೆ ಕಟ್ಟಿಸಿ, ಮದುಮಗಳನ್ನು ನಡುರಸ್ತೆಯಲ್ಲಿ ಇಳಿಸಿಕೊಂಡು ಹೋದರು. ಇವರು ಮನೆಗೆ ಬಂದಾಗ ಕೈಯಲ್ಲಿ ಒಂದು ಕನಕಾಂಬರದ ತುಂಡಿತ್ತು. ಯಾಕೆ ತಂದರೆಂದು ಅವರಿಗೂ ಗೊತ್ತಿರಲಿಲ್ಲ.

ಗಾಡಿಯನ್ನು ಹಗ್ಗ ಕಟ್ಟಿ ಎಳೆಸಿಕೊಂಡು ಪರೇಲಿನಲ್ಲಿ ಗಿರಣಿಯ ಹಿಂದಿರುವ ರಾಜೇಸಾಬರ ಶೆಡ್ಡಿಗೆ ಒಯ್ದೆವು. ವಿಜಾಪುರದ ಕಡೆಯವರು, ಟ್ಯಾಕ್ಸಿಯ ಕಾಲದಿಂದ ಇವರಿಗೆ ಪರಿಚಯ. ಲಾರಿ, ಟ್ಯಾಕ್ಸಿ ಯಾವುದರ ಗೇರ್‌ಬಾಕ್ಸನ್ನಾದರೂ ಕಣ್ಣು ಮುಚ್ಚಿ ಬಿಚ್ಚುತ್ತಾರೆ, ಆದರೆ ಗೇರು ತಾನೇ ಬದಲಾಗುವ, ಕ್ಲಚ್ಚೇ ಇಲ್ಲದ ಗಾಡಿಗೆ ಕೈ ಹಾಕಿದವರಲ್ಲ. ಡಿಕ್ಕಿಯಲ್ಲಿ ನೀವು ಪೇಪರ್ ಸುತ್ತಿ ಇಟ್ಟಿದ್ದ ಕಂಪನಿಯ ದಪ್ಪ ಪುಸ್ತಕ ಹೊರಬಂತು, ಬರೀ ಇಂಗ್ಲಿಷು. ರಾಜೇಸಾಬರು ಅದನ್ನು ನನ್ನ ಕೈಗೆ ಕೊಟ್ಟು, “ಓದ್ ತಂಗಿ. ನಿನ್ನ ಕಾನ್ವೆಂಟ್ ಇವತ್ತ ನಮ್ಮ ಪರೇಲಿಗಿ ಉಪಯೋಗಕ್ಕ ಬರ್ಲಿ” ಎಂದರು. ಅಪ್ಪಾ, ನನಗೆ ಎಷ್ಟು ಜಂಬ! ಸ್ಟೂಲಿನ ಮೇಲೆ ಕೂತು ಒಂದೊಂದು ಸಾಲನ್ನೂ ಕನ್ನಡ ಮಾಡಿ ಹೇಳಿದೆ. ಒಬ್ಬ ರೋಗಿಯ ನಾಡಿ ನೋಡುವ ಕೆಲಸದಲ್ಲಿ ನಾನೂ ಸೇರಿಕೊಂಡ ಹಾಗಿತ್ತು, ರೋಗಿ ಬದುಕಿಯೇ ಬದುಕುತ್ತಾನೆ ಎಂಬ ಧೈರ್ಯವೂ ಇತ್ತು.

ಮೊದಲು ಗೇರಿನ ಡಬ್ಬಿಯ ಎಣ್ಣೆ. ಇಂಜಿನ್ನಿನ ಎಣ್ಣೆಯನ್ನು ನೋಡುವ ಹಾಗೆ ನಿಲ್ಲಿಸಿ ನೋಡಬಾರದು, ಬಿಸಿಯಾದ ಮೇಲೆ ಚಾಲೂ ಇರುವಾಗಲೇ ಅಳತೆಯ ಕಡ್ಡಿ ಎಳೆದು ನೋಡಬೇಕು ಎಂದು ಪುಸ್ತಕದಲ್ಲಿತ್ತು. ದಾಸವಾಳದ ಕೆಂಪಿರಬೇಕಾದ ಎಣ್ಣೆ ಕಷಾಯದ ಬಣ್ಣಕ್ಕೆ ತಿರುಗಿತ್ತು, ಕಾವಲಿಯ ಮೇಲೆ ದೋಸೆ ಸೀದ ವಾಸನೆ. “ಹಕೀಮ ನಾಲಿಗಿ ನೋಡ್ತಾನ, ನಾ ಎಣ್ಣಿ ನೋಡ್ತೀನಿ. ನಾಲಿಗಿ ಚಲೋ ಇಲ್ಲ” ಎಂದರು ರಾಜೇಸಾಬರು. ಆಮೇಲೆ ಗೇರಿನ ಕಡ್ಡಿಯಿಂದ ಡಬ್ಬಿಯವರೆಗೆ ಹೋಗುವ ಸಲಾಕೆ. ಅದು ಬಾಗಿದ್ದರೂ ಹೀಗಾಗಬಹುದು ಎಂದು ಓದಿ, ಬಾಗಿರಲಪ್ಪಾ ದೇವರೇ ಎಂದು ನಾನು ಸ್ಟೂಲಿನ ಮೇಲೆಯೇ ಹರಕೆ ಹೊತ್ತೆ. ನೆಟ್ಟಗಿತ್ತು. ಮೂರನೆಯದು ಕಠಿಣ ಪರೀಕ್ಷೆ. ಚಕ್ರಗಳಿಗೆ ಕಲ್ಲು ಕೊಟ್ಟು, ಬ್ರೇಕನ್ನು ಬಲವಾಗಿ ಒತ್ತಿ ಹಿಡಿದು, ಗೇರಿಗೆ ಹಾಕಿ ಆಕ್ಸಿಲರೇಟರನ್ನು ಪೂರ್ತಿ ಒತ್ತಬೇಕು, ಐದು ಸೆಕೆಂಡಿಗಿಂತ ಹೆಚ್ಚು ಬೇಡ. ಇಂಜಿನ್ನಿನ ಬಲವನ್ನು ಚಕ್ರಕ್ಕೆ ದಾಟಿಸುವ ಒಳಗಿನ ಬಿಲ್ಲೆಗಳು ಹಿಡಿದಿದ್ದರೆ ಇಂಜಿನ್ ಒಂದು ಮಟ್ಟಕ್ಕೆ ಏರಿ ಅಲ್ಲೇ ಗುರುಗುಟ್ಟುತ್ತದೆ, ಸವೆದಿದ್ದರೆ ಕಟ್ಟು ಬಿಚ್ಚಿದ ಹಾಗೆ ಅರಚುತ್ತದೆ. ಅರಚಿತು. ಶೆಡ್ಡಿನ ತಗಡಿನ ಮೇಲಿದ್ದ ಪಾರಿವಾಳಗಳೆಲ್ಲ ಎದ್ದು ಹೋದವು. ರಿವರ್ಸಿಗೆ ಹಾಕಿದಾಗ ಮೂರಲ್ಲ, ನಾನು ಹದಿನೈದರವರೆಗೆ ಎಣಿಸಿದೆ. ಗಾಡಿ ಅಲುಗಲಿಲ್ಲ.

ಈ ಮಂಗಳವಾರ ಕೆಳಗಿನ ಎಣ್ಣೆಯ ತಟ್ಟೆ ಬಿಚ್ಚಿದರು. ಅದರ ತಳದಲ್ಲಿ ಕಾಡಿಗೆಯಂಥ ಕೆಸರು, ಅದರೊಳಗೆ ಮಿಣುಗುವ ಲೋಹದ ಪುಡಿ. ಒಳಗಿನ ಬಿಲ್ಲೆಗಳೆಲ್ಲ ಸುಟ್ಟು ಹೋಗಿವೆ, ಇಲ್ಲಿ ಹೊಸವು ಸಿಗುವುದಿಲ್ಲ, ಹೊರದೇಶದಿಂದಲೇ ಬರಬೇಕು. “ಪೇಶೆಂಟ್ ಹೋಗ್ಯಾನ” ಎಂದು ರಾಜೇಸಾಬರು ಕೈ ಒರೆಸಿಕೊಂಡರು. ಆಗ ಇವರು ಹೊಸ ಎಣ್ಣೆ ಹುಡುಕಿಕೊಂಡು ಫೋರ್ಟಿನ ಅಂಗಡಿಗಳ ಕಡೆಗೆ ಹೋಗಿದ್ದರು. ಎರಡು ಡಬ್ಬ ಕೆಂಪೆಣ್ಣೆ ಹಿಡಿದು ನಗುತ್ತಾ ಬಂದವರು ನಮ್ಮ ಮುಖ ನೋಡಿ ಡಬ್ಬಗಳನ್ನು ಸದ್ದಾಗದಂತೆ ನೆಲಕ್ಕಿಟ್ಟರು. “ನನ್ನಿಂದಲೇ ಅಲ್ವಾ ಸಾಬ್ರೇ? ನನ್ನ ಎಡಗಾಲು” ಎಂದರು. ಟ್ಯಾಕ್ಸಿಯಲ್ಲಿ ಕ್ಲಚ್ಚು ತುಳಿದು ಬೆಳೆದ ಕಾಲು, ಈ ಗಾಡಿಯಲ್ಲಿ ಕೆಲಸವಿಲ್ಲದೆ ಹೋಗಿ ಹೋಗಿ ಬ್ರೇಕಿನ ಮೇಲೆ ಕೂರುತ್ತಿತ್ತು. ಬ್ರೇಕು ಒತ್ತಿಕೊಂಡೇ ಓಡಿಸಿದರೆ ಒಳಗೆ ಸುಡುತ್ತದೆ ಎಂದು ಪುಸ್ತಕದಲ್ಲಿರುವುದೂ ನಿಜ, ಅದನ್ನು ಗಟ್ಟಿಯಾಗಿ ಓದಿದವಳೂ ನಾನೇ. ರಾಜೇಸಾಬರು ನನ್ನ ಕಡೆ ನೋಡಿ ಬೀಡಿ ಹಚ್ಚಿಕೊಂಡರು.

ಅಂದಿನಿಂದ ಇವರು ಊಟಕ್ಕೆ ಕೂತರೆ ಅನ್ನ ಕಲಸಿ ಕಲಸಿ ಏಳುತ್ತಾರೆ. ಗೋಡೆಯ ಮೇಲಿನ ನಿಮ್ಮ ಫೋಟೊ ಕಡೆಗೆ ಬೆನ್ನು ಹಾಕಿ ಮಲಗುತ್ತಾರೆ. ಹದಿನೇಳು ವರ್ಷ ಮಾವ ಮಗುವಿನ ಹಾಗೆ ಸಾಕಿದ್ದನ್ನು ನಾನು ಎರಡು ತಿಂಗಳಲ್ಲಿ ಕೊಂದೆ ಎನ್ನುತ್ತಾರೆ. ಟ್ಯಾಕ್ಸಿಯ ಮಾಲೀಕ ಅಣ್ಣು ಶೆಟ್ಟರು, “ನಾಳೆಯೇ ಬಾ ಮಾರಾಯ, ನಿನ್ನ ಗಾಡಿ ನಿನಗೇ ಉಂಟು” ಎಂದು ಮನೆಗೇ ಬಂದು ಹೇಳಿದರೂ ಕೇಳಲಿಲ್ಲ. ದುಬೈಗೆ ನೀರಿನ ಟ್ಯಾಂಕರ್ ಓಡಿಸಲು ಜನ ಬೇಕೆಂದು ಒಬ್ಬ ಏಜೆಂಟ್ ತಿರುಗುತ್ತಿದ್ದಾನೆ. ಮೂರು ವರ್ಷದ ಕರಾರು, ನಡುವೆ ರಜೆ ಇಲ್ಲ, ಹೆಂಡತಿಯನ್ನು ಕರೆಸಿಕೊಳ್ಳುವ ಹಾಗಿಲ್ಲ. ಇಪ್ಪತ್ತನೇ ತಾರೀಖಿಗೆ ಸಹಿ, ಇಪ್ಪತ್ತಾರಕ್ಕೆ ಹಡಗು. ಅಲ್ಲಿಂದ ಹೊಸ ಗೇರ್‌ಬಾಕ್ಸ್ ತಂದು ಗಾಡಿಯನ್ನು ಎಬ್ಬಿಸಿದ ಮೇಲೆಯೇ ಮಾವನ ಎದುರು ನಿಲ್ಲುತ್ತೇನೆ ಎಂದು ಹಟ. ಮೂರು ವರ್ಷವೆಂದರೆ ಎಷ್ಟು ದಿನ ಎಂದು ಲೆಕ್ಕ ಹಾಕಲು ಹೋಗಿ ಅರ್ಧಕ್ಕೆ ಬಿಟ್ಟೆ. ಗಾಡಿ ಶೆಡ್ಡಿನ ಮೂಲೆಯಲ್ಲಿ ಗೋಣಿತಾಟು ಹೊದ್ದು ನಿಂತಿದೆ. ಮೂತಿ ಒಳಗೆ, ಹಿಂಭಾಗ ಹೊರಗೆ. ಹಾಗೆ ನಿಂತದ್ದನ್ನು ನಾನು ಎಷ್ಟೋ ವರ್ಷದಿಂದ ನೋಡಿರಲಿಲ್ಲ.

ನಮ್ಮ ಮನೆಯಿಂದ ಹೋಗುವ ಪತ್ರಕ್ಕೆ ಇಬ್ಬರೂ ಬರೆಯಬೇಕು ಎಂದು ಮದುವೆಯಾದ ವಾರವೇ ಒಪ್ಪಂದ ಮಾಡಿಕೊಂಡಿದ್ದೇವೆ. ಆದ್ದರಿಂದ ಇದನ್ನೆಲ್ಲ ಓದಿ ಇವರೂ ಕೆಳಗೆ ಎರಡು ಸಾಲು ಬರೆಯುತ್ತಾರೆ. ಅಮ್ಮನ ಪಾದಕ್ಕೆ, ನಿಮ್ಮ ಪಾದಕ್ಕೆ, ಬಲ ಮೊಣಕಾಲಿಗೆ ಬೇರೆಯಾಗಿ ಇನ್ನೊಂದು ನಮಸ್ಕಾರ.

ನಿಮ್ಮ ಮುದ್ದಿನ
ವಿನೋದಿನಿ

ಪೂಜ್ಯ ಮಾವನವರಿಗೆ ಶೇಖರ ಮಾಡುವ ಸಾಷ್ಟಾಂಗ ನಮಸ್ಕಾರಗಳು. ವಿನೋದಿನಿ ಎಲ್ಲ ಬರೆದಿದ್ದಾಳೆ. ನೀವು ನಂಬಿ ಕೊಟ್ಟದ್ದನ್ನು ಉಳಿಸಿಕೊಳ್ಳುವ ಯೋಗ್ಯತೆ ನನಗಿರಲಿಲ್ಲ. ಅವಳನ್ನು ಮೂರು ವರ್ಷ ನಿಮ್ಮಲ್ಲಿಗೆ ಕಳಿಸುತ್ತೇನೆ. ಮುಖ ತೋರಿಸಲು ನಾಚಿಕೆಯಾಗಿ ನಾನು ಬರುವುದಿಲ್ಲ. ಕ್ಷಮಿಸಬೇಕು.

ತಾ.ಕ.: ಅಪ್ಪಾ, ಇದು ಅಂಚೆ ಕಚೇರಿಯಲ್ಲಿ ತಂತಿ ಫಾರಮಿನ ಬೆನ್ನಿಗೆ, ನಿಂತುಕೊಂಡು ಬರೆಯುತ್ತಿರುವುದು. ಇವರು ನೋಡಿಲ್ಲ. ಮಂಗಳವಾರ ತಟ್ಟೆ ಬಿಚ್ಚಿದಾಗ ರಾಜೇಸಾಬರು ಆ ಕೆಸರನ್ನು ಬೆರಳಲ್ಲಿ ಉಜ್ಜಿ, “ತಂಗಿ, ಇದರಾಗ ಲಾರಿ ಹಿಂದಿನ ಅಚ್ಚಿಗಿ ಹಾಕೋ ದಪ್ಪ ಎಣ್ಣಿ ಬೆರಸ್ಯಾರ. ಜಾರೋ ಗೇರು ಒಂದಿಷ್ಟು ದಿನ ಹಿಡೀಲಿ ಅಂತ ಮಾಡೋ ಕೆಲಸ. ಇದು ನಿನ್ನ ಗಂಡಂದಲ್ಲ, ಐದಾರು ವರ್ಷದ ಹಿಂದಿನ ಕೈ” ಎಂದು ಬೆರಳನ್ನು ನನ್ನ ಮೂಗಿನ ಹತ್ತಿರ ತಂದರು. ಕೊಳೆತ ಮೊಟ್ಟೆಯ ವಾಸನೆ. ಅದು ನೀವು ಸಂಜೆ ಬಿಚ್ಚಿ ಮೊಳೆಗೆ ಹಾಕುತ್ತಿದ್ದ ಖಾಕಿ ಅಂಗಿಯ ವಾಸನೆ, ಅಪ್ಪಾ. ಮಂಚದ ಕೆಳಗೆ ‘ಗಾಡಿಯ ಮದ್ದು’ ಎಂದು ಅಮ್ಮನಿಗೂ ಮುಟ್ಟಗೊಡದೆ ಇಟ್ಟಿದ್ದ ಡಬ್ಬದ ವಾಸನೆ. ಮೂರು ಎಣಿಸುತ್ತಿದ್ದುದು ಯಾಕೆ, ಮೂತಿ ಹೊರಗೆ ಮಾಡಿ ನಿಲ್ಲಿಸುತ್ತಿದ್ದುದು ಯಾಕೆ ಎಂದು ಈಗ ಗೊತ್ತಾಯಿತು: ಜಾರುವ ಗೇರು ಹಿಡಿಯಲು ಅಷ್ಟು ಹೊತ್ತು ಬೇಕಿತ್ತು, ರಿವರ್ಸನ್ನು ನಂಬುವಂತಿರಲಿಲ್ಲ. ಬಾಂದ್ರಾದ ಬಾಯಿಗೆ ತಿಳಿದರೆ ಗಾಡಿ ಮಾರುತ್ತಾರೆ, ಡ್ರೈವರೂ ಬೇಡವಾಗುತ್ತಾನೆ, ನನ್ನ ಶಾಲೆ ನಿಲ್ಲುತ್ತದೆ. ಅದಕ್ಕೇ ಅಲ್ಲವೇ? ಆ ಶಾಲೆಯ ಇಂಗ್ಲಿಷಿನಲ್ಲೇ ನಾನು ಆ ಪುಸ್ತಕ ಓದಿದೆ. ಅಷ್ಟಕ್ಕೆ ನಾನು ನಿಮ್ಮನ್ನು ಏನೂ ಅನ್ನಲಾರೆ. ಆದರೆ ಎಲೆಯ ಮೇಲೆ ಕೀಲಿ ಇಟ್ಟ ದಿನ ಇವರ ಕಿವಿಯಲ್ಲಿ ಒಂದು ಮಾತು ಹೇಳಬಹುದಿತ್ತು. ನಾನೇನು ಕಡಿಮೆ? ರಾಜೇಸಾಬರು ಇವರಿಗೆ ಹೇಳಹೊರಟಾಗ ಬೇಡವೆಂದು ಕಣ್ಣಲ್ಲೇ ತಡೆದೆ. ನಿಮ್ಮ ಮರ್ಯಾದೆ ಉಳಿಯಲೆಂದು ಮೂರು ದಿನದಿಂದ ಇವರು ಹಸಿದು ಮಲಗುವುದನ್ನು ನೋಡುತ್ತಿದ್ದೇನೆ. ಇನ್ನು ಆಗುವುದಿಲ್ಲ. ನೀವೇ ಇವರ ಹೆಸರಿಗೆ ಬರೆಯಿರಿ, ಕಾರ್ಡು ಸಾಕು, ಗಾಡಿ ಮೊದಲೇ ಹೋಗಿತ್ತು ಎಂಬ ಒಂದು ಸಾಲು ಸಾಕು. ಹದಿನೆಂಟರ ಟಪಾಲಿನವರೆಗೆ ಕಾಯುತ್ತೇನೆ. ಬರದಿದ್ದರೆ ಹತ್ತೊಂಬತ್ತಕ್ಕೆ ನಾನೇ ಹೇಳುತ್ತೇನೆ, ಆಮೇಲೆ ಇವರು ನಿಮ್ಮ ಫೋಟೊದ ಕಡೆಗೆ ಯಾವತ್ತಾದರೂ ತಿರುಗಿ ಮಲಗುವರೋ ಇಲ್ಲವೋ ನನಗೆ ಗೊತ್ತಿಲ್ಲ. ಕೌಂಟರಿನವನು ಚೀಲ ಕಟ್ಟುತ್ತಿದ್ದಾನೆ. ನೀವು ಗಾಡಿ ಹೊರಡಲೆಂದು ಎಣಿಸುತ್ತಿದ್ದಿರಿ, ಅಪ್ಪಾ. ನಾನು ಇವರು ಹೊರಡದಿರಲೆಂದು ಎಣಿಸುತ್ತಿದ್ದೇನೆ.