ಎದುರು ಕಟ್ಟಡಕ್ಕೆ ಹೋದವರು

ಮಾರ್ಚ್ ೧೧, ಮಂಗಳವಾರ

ನಾನು ಕೊಂಡಿದ್ದ ಹಡಗು ದಲ್ಲಾಳಿ ಕಂಪನಿಯ ಷೇರು ಇವತ್ತು ಒಂದೇ ದಿನದಲ್ಲಿ ಅರ್ಧಕ್ಕೆ ಇಳಿಯಿತು. ಯುದ್ಧದಿಂದ ಸಮುದ್ರದ ದಾರಿ ಮುಚ್ಚಿದೆ, ಹಡಗುಗಳ ಬಾಡಿಗೆ ಗಗನಕ್ಕೇರಿದೆ, ದಲ್ಲಾಳಿಗಳ ಕಮಿಷನ್ನೂ ಹೆಚ್ಚಿದೆ. ನನ್ನ ಲೆಕ್ಕಾಚಾರದಲ್ಲಿ ಒಂದು ತಪ್ಪೂ ಇರಲಿಲ್ಲ! ಆದರೆ ಆ ಕಮಿಷನ್ ತರುತ್ತಿದ್ದ ನಾಲ್ವರು ಹಿರಿಯ ದಲ್ಲಾಳಿಗಳು ಒಟ್ಟಿಗೆ ಕೆಲಸ ಬಿಟ್ಟು, ಎದುರು ಕಟ್ಟಡದಲ್ಲೇ ಸ್ವಂತ ಆಫೀಸು ತೆರೆದಿದ್ದಾರೆ. ಹಡಗಿನ ಮಾಲೀಕರೆಲ್ಲ ಅವರ ಹಿಂದೆಯೇ ಹೋದರು. ಕಂಪನಿಗೆ ಸ್ವಂತದ್ದೆಂದು ಒಂದು ದೋಣಿಯೂ ಇಲ್ಲ. ಉಳಿದಿರುವುದು ಮೇಜು, ಫೋನು, ನನ್ನಂಥ ಷೇರುದಾರರು.

ಊಟಕ್ಕೆ ಕೂತಾಗ ಯಜಮಾನರು ಕೇಳಿದರು, "ನಿನ್ ಪಾರ್ಲರ್ ಬಿಟ್ಟು ಗುಂಗುರು ಹೋದಾಗ ಏನಾಯ್ತು, ಮರ್ತೋಯ್ತಾ?"

ಮೈಯೆಲ್ಲ ಉರಿಯಿತು. ಗುಂಗುರು ಕೂದಲಿನ ಆ ಕೆಲಸದವಳು ರಸ್ತೆಯಾಚೆ ಸ್ವಂತ ಪಾರ್ಲರ್ ಹಾಕಿದಾಗ, ನನ್ನ ಅರ್ಧ ಗಿರಾಕಿಗಳು ನನ್ನ ಗಾಜಿನ ಬಾಗಿಲ ಮುಂದೆಯೇ ನಡೆದು ಅವಳ ಹತ್ತಿರ ಹೋಗಿದ್ದರು. ಅದನ್ನು ಮರೆಯುವುದುಂಟೆ? ಹಡಗು ಅಂದ ಕೂಡಲೇ ನನ್ನ ಬುದ್ಧಿ ಎಲ್ಲಿ ಹುಲ್ಲು ಮೇಯಲು ಹೋಗಿತ್ತೋ.

"ಸುಮ್ನೆ ಊಟ ಮಾಡಿ," ಅಂದೆ.

ಈಗ ಬರೆಯುತ್ತಿರುವಾಗ ಇನ್ನೊಂದು ನೆನಪಾಗುತ್ತಿದೆ. ಗುಂಗುರು ಹೋದ ಮೇಲೆ ಪಾರ್ಲರನ್ನು ಎತ್ತಿ ನಿಲ್ಲಿಸಿದ ಇನ್ನೊಬ್ಬ ಕೆಲಸದವಳು ಇವತ್ತು ಮಧ್ಯಾಹ್ನ ಬಂದು, "ಅಕ್ಕಾ, ನಾಳೆ ಅರ್ಧ ದಿನ ಬರಲ್ಲ, ಒಂದು ಮಳಿಗೆ ನೋಡ್ಬೇಕು," ಅಂದಿದ್ದಳು. ನಾನು ಮೊಬೈಲಿನಲ್ಲಿ ಷೇರಿನ ಬೆಲೆ ನೋಡುತ್ತಾ "ಹೂಂ, ಹೋಗ್ಬಾ" ಅಂದುಬಿಟ್ಟೆ. ಯಾವ ಮಳಿಗೆ, ಎಲ್ಲಿ, ಯಾತಕ್ಕೆ ಅಂತ ಕೇಳಲೇ ಇಲ್ಲ.