ಚಿವುಟಿದ ಮೊಗ್ಗುಗಳು

ಮಾರೇನಹಳ್ಳಿ
9-2-2025, ಭಾನುವಾರ

ಚೈತನ್ಯಾ ಮಗಳೇ,

ನಿನಗೂ ಪುಟ್ಟಿಗೂ ಅತ್ತೆಯ ಆಶೀರ್ವಾದ. ಕಿವಿಗೆ ಹತ್ತಿ ಇಟ್ಟುಕೊಂಡು ಓದು, ಫ್ಯಾನಿನ ಕೆಳಗೆ ಕೂರಬೇಡ.

ನಿನ್ನೆ ಮಧ್ಯಾಹ್ನ ಊಟವಾಗಿ ಸ್ವಲ್ಪ ಕಣ್ಣು ಮುಚ್ಚಿದ್ದೆ, ಕೆಟ್ಟ ಕನಸು ಬಿತ್ತು. ಪುಟ್ಟಿಯನ್ನು ಎತ್ತಿಕೊಳ್ಳಲು ಕೆಂಗೇರಿಗೆ ಬಂದಿದ್ದೇನೆ. ನಿಮ್ಮಮ್ಮ ಬಾಗಿಲಲ್ಲೇ ನಿಲ್ಲಿಸಿ ಕೈ ತೊಳೆದುಕೊಂಡು ಬನ್ನಿ ಎನ್ನುತ್ತಾರೆ. ಎಷ್ಟು ತೊಳೆದರೂ ನೀರು ಮಸಿಯ ಹಾಗೆ ಇಳಿಯುತ್ತಲೇ ಇದೆ. ಇದನ್ನು ಅವರಿಗೆ ಹೇಳಬೇಡ, ಪಾಪ, ಅವರು ಏನೂ ಮಾಡಿಲ್ಲ.

ಫೋನಿನಲ್ಲಿ ಹೇಳಲು ಹೋದರೆ ಹಾಲು ಬಂತಾ, ನಿದ್ದೆ ಆಯ್ತಾ ಎಂದು ಕೇಳಿ ಇಟ್ಟುಬಿಡುತ್ತೇನೆ. ಅದಕ್ಕೇ ಬರೆದು ಗೌತಮನ ಕೈಯಲ್ಲಿ, ಮೆಂತ್ಯದ ಹಿಟ್ಟಿನ ಡಬ್ಬಿಯ ಜೊತೆ ಕಳಿಸುತ್ತಿದ್ದೇನೆ. ಏಳನೇ ಕ್ಲಾಸು ಅರ್ಧಕ್ಕೆ ಬಿಟ್ಟವಳು ನಾನು, ತಪ್ಪಿದ್ದರೆ ತಿದ್ದಿಕೊಂಡು ಓದು.

ವಿಷಯ ನಿನ್ನ ಕಪ್ಪು ಪೆಟೂನಿಯಾದ್ದು. ಬೀಜ ತರುವಾಗಲೇ ನಾನು ಬಡಿದುಕೊಂಡೆ. ಕನಕಾಂಬರ ಹಾಕು, ದಾಸವಾಳ ಹಾಕು, ಈ ಬಣ್ಣದ್ದು ದೇವರಿಗೂ ಆಗದು, ಮುಡಿಯಲೂ ಆಗದು ಎಂದೆ. ನೀನು ನಗುತ್ತಲೇ, "ಎಲ್ಲಾ ಹೂವೂ ಯಾರಿಗಾದ್ರೂ ಕೊಡಕ್ಕೇ ಇರ್ಬೇಕಾ ಅತ್ತೆ? ಸುಮ್ನೆ ನೋಡಕ್ಕೆ ಒಂದಿರ್ಲಿ ಬಿಡಿ" ಅಂದೆ. ಬಸುರಿಯ ಆಸೆ ಎಂದು ಬಾಯಿ ಮುಚ್ಚಿಕೊಂಡೆ. ತವರಿಗೆ ಹೊರಟ ದಿನ ಗೇಟಿನ ಪಕ್ಕದ ಕಟ್ಟೆಯ ಮೇಲಿನ ಎಂಟು ಕುಂಡ ತೋರಿಸಿ, ಇವು ನಿಮ್ಮ ಜವಾಬ್ದಾರಿ ಎಂದು ಹೇಳಿ ಆಟೋ ಹತ್ತಿದೆ. ಮದುವೆಯಾಗಿ ಎರಡು ವರ್ಷದಲ್ಲಿ ನೀನು ನನಗೆ ಒಪ್ಪಿಸಿದ್ದು ಅದೊಂದೇ.

ಸಂಕ್ರಾಂತಿಯ ಹೊತ್ತಿಗೆ ಮೊಗ್ಗು ಬಂತು. ಒಂದೊಂದೂ ಸುಟ್ಟ ಬತ್ತಿಯ ಹಾಗೆ ಕರ್ರಗೆ, ಎಲೆಯೆಲ್ಲ ಅಂಟಂಟು. ಕೊಳೆರೋಗ ಎಂದುಕೊಂಡು ಚಿವುಟಿ ಹಾಕಿದೆ. ಮಜ್ಜಿಗೆ ನೀರು ಸಿಂಪಡಿಸಿದೆ, ಬೇವಿನೆಣ್ಣೆ ಹೊಡೆದೆ. ಹನ್ನೆರಡು ದಿನ ದಿನವೂ ಇದೇ ಕೆಲಸ. ಬೆರಳ ತುದಿಯೆಲ್ಲ ನೇರಳೆ. ಕೊನೆಗೆ ನರ್ಸರಿಯ ಲಕ್ಷ್ಮೀಪತಿಯ ಮುಂದೆ ಒಂದು ಕುಂಡ ಹೊತ್ತುಕೊಂಡು ಹೋಗಿ ನಿಂತೆ. ಅವನು ಮೊಗ್ಗನ್ನು ಬಿಡಿಸಿಯೇ ತೋರಿಸಿದ. "ರೋಗ ಅಲ್ಲ ಆಂಟಿ, ಬಣ್ಣಾನೇ ಅದು. ಚಿವುಟಿದ್ದು ಒಳ್ಳೇದೇ ಆಯ್ತು, ಕವಲೊಡ್ದು ಇನ್ನೂ ಜಾಸ್ತಿ ಬರುತ್ತೆ" ಅಂದ.

ಹಾಗೇ ಆಗಿದೆ ನೋಡು. ಚಿವುಟಿದ ಜಾಗದಲ್ಲೆಲ್ಲ ಎರಡೆರಡು, ಮೂರುಮೂರು. ಎಣಿಸಲು ಹೋಗಿ ಬಿಟ್ಟೆ. ನನ್ನ ಕರಿಬೇವಿನ ಗಿಡಕ್ಕೆ ಹುಳಿಮಜ್ಜಿಗೆ ಹಾಕಿ ಕೈಮುಗಿದರೂ ಒಂದು ಕುಡಿ ಬಿಡುವುದಿಲ್ಲ, ಇದಕ್ಕೆ ಮಾತ್ರ ಎಲ್ಲಿಲ್ಲದ ಹಟ.

ಇದರ ಮೇಲೆ ಆರ್‌ಪಿಸಿ ಲೇಔಟಿನಿಂದ ನಮ್ಮ ಓರಗಿತ್ತಿ, ಚಿಕ್ಕಲಕ್ಷ್ಮಮ್ಮಕ್ಕ, ಎರಡು ದಿನಕ್ಕೊಮ್ಮೆ ಬರುತ್ತಾರೆ. ಮೊದಲ ಹೂವು ಅರಳಿದ ದಿನ ಚಪ್ಪಲಿ ಬಿಡುವ ಮೊದಲೇ, "ಏನೇ ಇಂದ್ರ, ಕೂಸು ಬರೋ ಮನೆ ಬಾಗ್ಲಲ್ಲಿ ಇದ್ಲು ಸುರ್ದಂಗೈತಲ್ಲೇ" ಅಂದರು. ಮನೆಯೊಳಗೆ ಕರೆದು ಕಾಫಿ ಕೊಟ್ಟೆ. ಕಾಫಿ ಕುಡಿದು ಇನ್ನೊಂದು ಸಲ ಹೇಳಿದರು.

ಮೊನ್ನೆ ಗೌತಮನನ್ನು ಕೇಳಿದೆ, ಚೈತನ್ಯಾ ಮತ್ತೆ ಕೆಲಸಕ್ಕೆ ಹೋದ ಮೇಲೆ ಪುಟ್ಟಿ ಯಾರ ಹತ್ತಿರ ಎಂದು. ನೀನು ಇನ್ನೂ ಯೋಚನೆ ಮಾಡುತ್ತಿದ್ದೀಯಂತೆ, ನಿಮ್ಮಮ್ಮನೋ ನಾನೋ ಎಂದು. ಎಂಟು ಕುಂಡ ನೋಡಿಕೊಳ್ಳಲಾಗದವಳು ಕೂಸನ್ನು ಏನು ನೋಡಿಕೊಂಡಾಳು ಎಂದು ನಿನಗೆ ಅನ್ನಿಸಿದರೆ ನಾನು ಯಾವ ಬಾಯಲ್ಲಿ ಇಲ್ಲ ಎನ್ನಲಿ? ಆದರೆ ಗೌತಮನಿಗೆ ಒಂದು ನೆಗಡಿ ಬಂದಾಗಲೂ ನಾನು ನಿದ್ದೆ ಮಾಡಿದವಳಲ್ಲ. ಅದನ್ನೂ ಲೆಕ್ಕಕ್ಕೆ ಇಟ್ಟುಕೋ. ಗಿಡ ಒಂದೂ ಸತ್ತಿಲ್ಲ.

ಹಿಟ್ಟನ್ನು ಬೆಲ್ಲ, ತುಪ್ಪ ಹಾಕಿ ಬಿಸಿಯಾಗಿಯೇ ತಿನ್ನು.

ನಿನ್ನ ಅತ್ತೆ,
ಇಂದ್ರಮ್ಮ

ತಾ.ಕ.: ಡಬ್ಬಿ ಕಟ್ಟಿದವಳು ಮತ್ತೆ ಬಿಚ್ಚಿ ಬರೆಯುತ್ತಿದ್ದೇನೆ. ರೋಗ ಎಂದು ಚಿವುಟಿದೆ ಎಂದೆನಲ್ಲ, ಅದು ಮೊದಲ ಎರಡು ದಿನಕ್ಕೆ ಮಾತ್ರ ನಿಜ. ಲಕ್ಷ್ಮೀಪತಿ ಹೇಳಿದ್ದು ಮೂರನೆಯ ದಿನವೇ. ಆಮೇಲಿನ ಹತ್ತು ದಿನ, ಹೂವು ಅರಳಿದರೆ ಅಕ್ಕ ಏನೆನ್ನುತ್ತಾರೋ ಎಂದು ಹೆದರಿ, ಗೊತ್ತಿದ್ದೇ ಚಿವುಟಿದೆ. ಪುಟ್ಟಿಯ ವಿಷಯ ಇದನ್ನು ಓದಿಯೇ ತೀರ್ಮಾನ ಮಾಡು. ಈಗ ಕೈ ಹಚ್ಚುತ್ತಿಲ್ಲ. ಬೀಜದ ಪೊಟ್ಟಣ ನಿನ್ನ ಹತ್ತಿರವೇ ಇದೆ. ಅದರ ಹಿಂದೆ ಬಿಸಿಲು ಎಂದಿದೆಯೋ, ಅರೆನೆರಳು ಎಂದಿದೆಯೋ, ಇನ್ನೊಂದು ಸಲ ಸರಿಯಾಗಿ ನೋಡು. ಅರೆನೆರಳಾದರೆ ಹಿಂದಿನ ಬಟ್ಟೆ ಒಗೆಯುವ ಜಾಗಕ್ಕೆ ಒಯ್ಯಬಹುದು, ಯಾರಿಗೂ ಕಾಣುವುದಿಲ್ಲ. ಬಿಸಿಲೇ ಬೇಕು ಎಂದಿದ್ದರೆ ಗೇಟಿನ ಕಟ್ಟೆಯ ಮೇಲೇ ಇರಲಿ. ಅಕ್ಕ ಬುಧವಾರ ಬರುತ್ತಾರೆ, ಅಷ್ಟರೊಳಗೆ ಹೇಳು. ಅವರಿಗೆ ಏನು ಹೇಳಬೇಕು ಎಂದು ನಾನು ಬಾಯಿಪಾಠ ಮಾಡಿಕೊಳ್ಳಬೇಕು.