ಪುಟ್ಟ ಕೆಂಪು ನಕ್ಷತ್ರದ ದೊಡ್ಡ ಕೂಸು

ಮಾರ್ಚ್ ೧೪, ರಾತ್ರಿ

ದೊಡ್ಡ ದೂರದರ್ಶಕದ ಫಲಿತಾಂಶಕ್ಕೆ ಕಾದು ಕಾದು ಮಧ್ಯಾಹ್ನ ಊಟವೂ ಸೇರಲಿಲ್ಲ. ನನ್ನ ಪುಟ್ಟ ಕೆಂಪು ನಕ್ಷತ್ರದ ಬೆಳಕು ಆಗಾಗ ಕುಗ್ಗುತ್ತದೆ. ಅದರೆದುರು ಹಾದುಹೋಗುವುದು ಗ್ರಹವೆಂದು ನಾನು, ಇನ್ನೊಂದು ನಕ್ಷತ್ರವೆಂದು ನಮ್ಮ ಮೇಷ್ಟ್ರು. "ಅಷ್ಟು ಸಣ್ಣದಕ್ಕೆ ಅಷ್ಟು ದೊಡ್ಡ ಗ್ರಹ ಎಲ್ಲಿಂದ ಬರ್ಬೇಕಮ್ಮಾ? ಹೆತ್ತವರಿಗೆ ಹೆಗ್ಗಣ ಮುದ್ದು ಬಿಡು," ಎಂದು ಮೊನ್ನೆಯೂ ನಕ್ಕಿದ್ದರು.

ಸಂಜೆ ಅವರೇ ಫಲಿತಾಂಶ ಹಿಡಿದು ನನ್ನ ಮೇಜಿನ ಬಳಿ ಬಂದರು. ಹಾದುಹೋಗುವುದು ನಕ್ಷತ್ರವಾಗಿದ್ದರೆ ಅದರ ಸೆಳೆತಕ್ಕೆ ಕೆಂಪು ನಕ್ಷತ್ರ ಜೋರಾಗಿ ಓಲಾಡಬೇಕಿತ್ತು. ಅದು ಅಲುಗಿದ್ದು ತೀರಾ ಸ್ವಲ್ಪ.

"ನಿನ್ನ ಹೆಗ್ಗಣ ಗ್ರಹವೇ ಕಣಮ್ಮಾ. ಅಲ್ಲಿ ಹೇಗೆ ಹುಟ್ಟಿತೋ, ನಂಗಂತೂ ಗೊತ್ತಿಲ್ಲ."

ನನಗೂ ಗೊತ್ತಿಲ್ಲ. ಅಂಥ ಪುಟ್ಟ ನಕ್ಷತ್ರ ಹುಟ್ಟುವಾಗ ಅದರ ಸುತ್ತ ಇಷ್ಟು ದೊಡ್ಡ ಗ್ರಹ ಕಟ್ಟುವಷ್ಟು ಧೂಳು, ಅನಿಲ ಇರುವುದಿಲ್ಲವೆಂದೇ ಓದಿದವಳು ನಾನು.

ಮನೆಗೆ ಬಂದು ಅಮ್ಮನಿಗೆ ಹೇಳಿದೆ. ಅಮ್ಮ ನನ್ನ ಭುಜಕ್ಕೂ ಬರುವುದಿಲ್ಲ. "ನೀನೂ ಹಾಗೇ ಅಲ್ವೇನೇ? ಎತ್ಕೊಂಡ್ರೆ ನಿನ್ನ ತಲೆ ಅಡ್ಡ ಬಂದು ನಂಗೆ ದಾರೀನೇ ಕಾಣ್ತಿರ್ಲಿಲ್ಲ," ಎಂದಳು.

ಆ ನಕ್ಷತ್ರ ಬರಿಗಣ್ಣಿಗೆ ಕಾಣುವುದಿಲ್ಲ. ಗೊತ್ತಿದ್ದೂ ಕಿಟಕಿಯ ಬಳಿ ಕೂತಿದ್ದೇನೆ. ಈಗ ಆ ದೊಡ್ಡ ಕೂಸು ಮೆಲ್ಲಗೆ ಅಡ್ಡ ಬಂದಿರಬಹುದು. ಪುಟ್ಟ ಕೆಂಪು ಮುಖ ಒಂದಿಷ್ಟು ಮರೆಯಾಗಿ, ಆದರೂ ಎತ್ತಿಕೊಂಡದ್ದನ್ನು ಕೆಳಗಿಳಿಸದೆ...